ಹೊಲದಲ್ಲಿ ಕಬ್ಬಿಣ ಇದೆ, ಮಗುವಿನ ರಕ್ತದಲ್ಲಿ ಯಾಕಿಲ್ಲ?

ಶೇಂಗಾ ಎಲೆ ಹಳದಿಯಾಗುವುದನ್ನು ನೀವೆಲ್ಲ ನೋಡಿದ್ದೀರಿ. ಸುಣ್ಣದ ಅಂಶ ಹೆಚ್ಚಿರುವ ಕಪ್ಪು ಮಣ್ಣಿನಲ್ಲಿ ಕುಡಿ ಎಲೆಗಳು ಮೊದಲು ಬಿಳಚುತ್ತವೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಅದು ಕಬ್ಬಿಣದ ಕೊರತೆ. ಈ ಬಗ್ಗೆ ಫೋನ್ ಮಾಡುವ ಹುಡುಗರು ಕೇಳುವ ಪ್ರಶ್ನೆ ಒಂದೇ: "ಮಣ್ಣಲ್ಲಿ ಕಬ್ಬಿಣಕ್ಕೆ ಏನ್ ಬರಗಾಲ ಸಾರ್? ಗಿಡಕ್ಕೆ ಯಾಕೆ ಸಿಗ್ತಿಲ್ಲ?" ಉತ್ತರವೂ ನಿಮಗೆ ಗೊತ್ತು. ಕಬ್ಬಿಣ ಇದೆ, ಆದರೆ ಮಣ್ಣಿನ ಪಿಎಚ್ ಜಾಸ್ತಿ ಇರೋದರಿಂದ ಬೇರು ಎಳೆದುಕೊಳ್ಳುವ ರೂಪದಲ್ಲಿ ಇಲ್ಲ. ಹಾಗಾಗಿ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಜೊತೆಗೆ 1 ಗ್ರಾಂ ನಿಂಬೆ ಉಪ್ಪು ಕಲಸಿ ಎಲೆಗೆ ಹೊಡೀತೀವಿ.

ಈ ವಾರ ಬರೆಯುತ್ತಿರುವುದು ಇದೇ ರೋಗದ ಬಗ್ಗೆ. ಆದರೆ ಗಿಡದಲ್ಲಿ ಅಲ್ಲ, ನಮ್ಮ ಮನೆಯ ಚಿಕ್ಕ ಮಕ್ಕಳಲ್ಲಿ. ಕೃಷಿ ಪುಟದಲ್ಲಿ ಇದ್ಯಾಕೆ ಅನ್ನಬೇಡಿ. ರಾಗಿ, ಹೆಸರು, ಹುರಳಿ, ಸೊಪ್ಪು ಬೆಳೆಯುವವರೂ ನಾವೇ, ಹಸು ಕಟ್ಟಿದವರೂ ನಾವೇ. ಆದರೂ ನಮ್ಮ ಮಕ್ಕಳ ರಕ್ತದಲ್ಲಿ ಕಬ್ಬಿಣ ಕಡಿಮೆ ಅಂದರೆ ಅದು ನಮ್ಮ ವಿಷಯವೇ.

ಎಷ್ಟು ಮಕ್ಕಳಿಗೆ ಇದೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 67.1ರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಶೇ. 65.5. ಅದರ ಹಿಂದಿನ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಅಂಕಿ ಶೇ. 60.9 ಇತ್ತು, ಅಂದರೆ ಇಳಿಯುವ ಬದಲು ಏರಿದೆ.

ಬೆರಳು ಚುಚ್ಚಿ ತೆಗೆದ ಹನಿ ರಕ್ತದಲ್ಲಿ ಪರೀಕ್ಷೆ ಮಾಡಿದ್ದರಿಂದ ಈ ಅಂಕಿ ಸ್ವಲ್ಪ ಜಾಸ್ತಿ ಬಂದಿರಬಹುದು ಅಂತ ವಾದ ಇದೆ. ವಾದದಲ್ಲಿ ಹುರುಳಿಲ್ಲದೆ ಇಲ್ಲ. 2016-18ರಲ್ಲಿ ನಡೆದ ಇನ್ನೊಂದು ರಾಷ್ಟ್ರೀಯ ಸಮೀಕ್ಷೆಯಲ್ಲಿ ರಕ್ತನಾಳದಿಂದಲೇ ರಕ್ತ ತೆಗೆದು ನೋಡಿದಾಗ 1ರಿಂದ 4 ವರ್ಷದ ಮಕ್ಕಳಲ್ಲಿ ಶೇ. 41 ಬಂತು. ಸರಿ, ಕಡಿಮೆ ಅಂಕಿಯನ್ನೇ ನಂಬೋಣ. ಆಗಲೂ ಐದು ಮಕ್ಕಳಲ್ಲಿ ಇಬ್ಬರು. ಐದು ಹಸುವಿನಲ್ಲಿ ಎರಡಕ್ಕೆ ಕೆಚ್ಚಲು ಬಾವು ಬಂದರೆ ನಾವು ಸುಮ್ಮನೆ ಕೂರ್ತೀವಾ?

ನಮ್ಮದೇ ಹಳ್ಳಿಗಳ ಲೆಕ್ಕವೂ ಇದೆ. ಚಾಮರಾಜನಗರ ಮತ್ತು ಕಲಬುರಗಿ ಜಿಲ್ಲೆಗಳ ಗ್ರಾಮಗಳಲ್ಲಿ 1ರಿಂದ 2 ವರ್ಷದ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳಿಗೆ ರಕ್ತಹೀನತೆ ಇತ್ತು. ಮಗುವಿನ ಹಿಮೋಗ್ಲೋಬಿನ್ ಜೊತೆ ನಂಟು ಕಂಡವುಗಳಲ್ಲಿ ಇವು ಸೇರಿದ್ದವು: ಮಗುವಿನ ಮೈಯಲ್ಲಿನ ಕಬ್ಬಿಣದ ದಾಸ್ತಾನು, ತಾಯಿಯ ಹಿಮೋಗ್ಲೋಬಿನ್, ಮನೆಯ ಆಹಾರದ ಭದ್ರತೆ.

ಹಿಮೋಗ್ಲೋಬಿನ್ ಅಂದರೆ ರಕ್ತದಲ್ಲಿ ಆಮ್ಲಜನಕ ಹೊರುವ ಗಾಡಿ ಅಂದುಕೊಳ್ಳಿ. ಆ ಗಾಡಿ ಕಟ್ಟಲು ಕಬ್ಬಿಣ ಬೇಕು. 5 ವರ್ಷದೊಳಗಿನ ಮಗುವಿಗೆ ಡೆಸಿಲೀಟರ್‌ಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ನಮ್ಮ ಕಾರ್ಯಕ್ರಮದಲ್ಲಿ ಲೆಕ್ಕ. 7ಕ್ಕಿಂತ ಕೆಳಗೆ ಹೋದರೆ ತೀವ್ರ, ಆಗ ಮನೆಮದ್ದು ಅನ್ನುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು. ಮಧ್ಯದಲ್ಲಿರುವ ಮಕ್ಕಳೇ ಹೆಚ್ಚು. ಅವರನ್ನು ನೋಡಿದರೆ ರೋಗ ಅಂತ ಗೊತ್ತಾಗೋದೇ ಇಲ್ಲ. ಮಗು ಸಪ್ಪಗಿರುತ್ತದೆ, ಎತ್ತಿಕೊಂಡರೆ ಹೆಗಲ ಮೇಲೆ ಮಲಗಿಬಿಡುತ್ತದೆ, ಪದೇ ಪದೇ ನೆಗಡಿ ಜ್ವರ, ಊಟ ಬೇಡ. "ಪಾಪ, ಹಟಾನೇ ಇಲ್ಲ ನಮ್ ಮಗು" ಅಂತ ಅಜ್ಜಿಯರು ಹೊಗಳುವುದೂ ಉಂಟು. ಮಣ್ಣು, ಬಳಪ, ಗೋಡೆಯ ಸುಣ್ಣ ತಿನ್ನುವ ಮಗುವಿನ ಮೇಲೆ ಗಮನ ಇರಲಿ. ಅದನ್ನು ಬರೀ ಕೆಟ್ಟ ಚಟ ಅಂತ ಬೈಯುತ್ತೇವೆ, ಬಹಳ ಸಲ ಅದು ಕಬ್ಬಿಣದ ಕೊರತೆಯ ಗುರುತು.

ಇದರಲ್ಲಿ ಹೆದರಬೇಕಾದ ವಿಷಯ ಮಗು ಬಿಳಚಿಕೊಳ್ಳುವುದಲ್ಲ. ಮೊದಲ ಎರಡು ವರ್ಷದಲ್ಲಿ ಮಿದುಳು ಬೆಳೆಯುವ ವೇಗ ಮುಂದೆ ಯಾವತ್ತೂ ಬರುವುದಿಲ್ಲ. ಆ ಹೊತ್ತಿನಲ್ಲಿ ಕಬ್ಬಿಣ ಸಾಲದೆ ಹೋದರೆ ಕಲಿಕೆ, ಗಮನ, ಚುರುಕುತನದ ಮೇಲೆ ಏಟು ಬೀಳುತ್ತದೆ. ಆಮೇಲೆ ರಕ್ತ ಸರಿಹೋದರೂ ಆ ನಷ್ಟ ಪೂರ್ತಿ ತುಂಬದೆ ಇರಬಹುದು. ಬಿತ್ತಿದ ಮೂವತ್ತು ದಿನದಲ್ಲಿ ಬಿದ್ದ ಪೆಟ್ಟನ್ನು ತೊಂಬತ್ತನೇ ದಿನದ ಗೊಬ್ಬರ ಸರಿ ಮಾಡುತ್ತಾ? ಹಾಗೇ ಇದು.

ಹಾಲೇ ಅನ್ನ ಅನ್ನುವ ಮನೆಗಳಲ್ಲಿ

ದಿನ ತುಂಬಿ ಹುಟ್ಟಿದ ಮಗು ತಾಯಿಯ ಹೊಟ್ಟೆಯಿಂದ ಬರುವಾಗಲೇ ಕಬ್ಬಿಣದ ಬುತ್ತಿ ಕಟ್ಟಿಕೊಂಡು ಬರುತ್ತದೆ. ಸುಮಾರು ಆರು ತಿಂಗಳು ಆ ಬುತ್ತಿ ನಡೆಯುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಕಡಿಮೆಯೇ, ಆದರೆ ಇರುವಷ್ಟು ಚೆನ್ನಾಗಿ ಮೈಗೆ ಹಿಡಿಯುತ್ತದೆ. ಹಾಗಾಗಿ ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಏನೂ ಬೇಡ. ಆರು ತಿಂಗಳಾದ ಮೇಲೆ ಬುತ್ತಿ ಖಾಲಿ, ಮಗು ಮಾತ್ರ ದಾಯಾದಿ ಹೊಲದ ಕಳೆ ಹಾಗೆ ಬೆಳೀತಾ ಇರುತ್ತದೆ. ಆಗ ಮೇಲಾಹಾರ ಸರಿಯಾಗಿ ಶುರುವಾಗದಿದ್ದರೆ ಕೊರತೆ ಅಲ್ಲಿಂದಲೇ. ಆರು ತಿಂಗಳಿಂದ ಎರಡು ವರ್ಷ, ಈ ಹದಿನೆಂಟು ತಿಂಗಳೇ ಇಡೀ ಲೇಖನದ ತಿರುಳು.

ಹೈನುಗಾರರ ಮನೆಗೆ ಇಲ್ಲಿ ಒಂದು ವಿಶೇಷ ಅಪಾಯ ಇದೆ. ನಮ್ಮ ಊರಲ್ಲಿ ಮೂರು ಹಸು ಕಟ್ಟಿರುವ ಒಂದು ಮನೆ. ಡೇರಿಗೆ ಹಾಕೋ ಮುಂಚೆ ಮಗುವಿನ ಪಾಲು ತೆಗೆದಿಡ್ತಾರೆ. ಹದಿನಾಲ್ಕು ತಿಂಗಳ ಗಂಡು ಮಗು, ನೋಡೋಕೆ ಗುಂಡುಗುಂಡಗೆ. ಆಶಾ ಕಾರ್ಯಕರ್ತೆ ಬಂದು ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡುವಾಗ ನಾನೂ ಅಲ್ಲೇ ಜಗಲಿ ಮೇಲೆ ಕೂತಿದ್ದೆ.

"ಊಟ ಏನ್ ಕೊಡ್ತೀರಾ ಅಜ್ಜಿ?"

"ಊಟ ಎಲ್ ಮಾಡ್ತಾನೆ ಕಣವ್ವ. ಹಾಲೇ ಅವನಿಗೆ ಅನ್ನ. ದಿನಕ್ಕೆ ಒಂದ್ ಲೀಟ್ರು ಸಲೀಸಾಗಿ ಕುಡೀತಾನೆ."

"ಅದಕ್ಕೇ ಅಜ್ಜಿ ಊಟ ಸೇರ್ತಿಲ್ಲ. ನಾಳೆ ಆಸ್ಪತ್ರೆಗೆ ಕರ್ಕೊಂಡ್ ಬನ್ನಿ, ರಕ್ತ ನೋಡೋಣ."

ಪರೀಕ್ಷೆಯಲ್ಲಿ 8.4 ಬಂತು. ಅಜ್ಜಿಗೆ ನಂಬೋಕೆ ಆಗಲಿಲ್ಲ, ಇಷ್ಟು ಹಾಲು ಕುಡಿಯೋ ಮಗುಗೆ ರಕ್ತ ಕಡಿಮೆಯಾ ಅಂತ.

ಕಾರಣ ಸರಳ. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಇರುವ ಕಬ್ಬಿಣ ಅರ್ಧ ಮಿಲಿಗ್ರಾಂ ಆಸುಪಾಸು. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾದ್ದು 8 ಮಿಲಿಗ್ರಾಂ. ಮೇಲಾಗಿ ಹಾಲಿನ ಸುಣ್ಣದಂಶ ಮತ್ತು ಪ್ರೋಟೀನು ಬೇರೆ ಊಟದ ಕಬ್ಬಿಣವನ್ನೂ ಮೈಗೆ ಹಿಡಿಯಲು ಬಿಡುವುದಿಲ್ಲ. ಹೊಟ್ಟೆ ತುಂಬಿರೋದರಿಂದ ಬೇರೆ ಊಟಕ್ಕೆ ಜಾಗವೂ ಇಲ್ಲ. ಒಂದು ವರ್ಷದೊಳಗಿನ ಕೂಸುಗಳಿಗೆ ಹಸಿ ಹಸುವಿನ ಹಾಲು ಕೊಟ್ಟರೆ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರುವುದೂ ಉಂಟು. ಹಂದಿ ಸಾಕುವ ಗೆಳೆಯರಿಗೆ ಈ ಮಾತು ಹೊಸದಲ್ಲ. ಸಿಮೆಂಟ್ ನೆಲದ ಮೇಲೆ ತಾಯಿ ಹಾಲು ಮಾತ್ರ ಕುಡಿಯುವ ಮರಿಗಳಿಗೆ ಮೂರನೇ ದಿನದ ಹೊತ್ತಿಗೆ ಕಬ್ಬಿಣದ ಇಂಜೆಕ್ಷನ್ ಕೊಡ್ತೀರಲ್ಲ, ಯಾಕೆ? ಹಾಲಲ್ಲಿ ಕಬ್ಬಿಣ ಸಾಲದು ಅಂತ ತಾನೇ. (ಮಕ್ಕಳಿಗೆ ಹಂದಿಮರಿ ಹೋಲಿಕೆಯಾ ಅಂತ ಯಾರೂ ಬೇಜಾರಾಗಬೇಡಿ, ತಿಳಿಯಲಿ ಅಂತ ಹೇಳಿದೆ.)

ಹಾಲು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಒಂದು ವರ್ಷ ತುಂಬುವವರೆಗೆ ಹಸುವಿನ ಹಾಲು ಮುಖ್ಯ ಆಹಾರ ಆಗಬಾರದು. ವರ್ಷ ತುಂಬಿದ ಮೇಲೆ ಕಾಯಿಸಿದ ಹಾಲು ದಿನಕ್ಕೆ ಎರಡು ಲೋಟ, ಅಂದರೆ 400-500 ಮಿಲಿ ದಾಟದಿರಲಿ. ಅದೂ ಊಟದ ಜೊತೆ ಅಲ್ಲ, ಊಟದಿಂದ ದೂರ. ಎದೆಹಾಲು ಎರಡು ವರ್ಷದವರೆಗೂ, ಆಮೇಲೂ ಮುಂದುವರಿಯಲಿ, ಆದರೆ ಆರು ತಿಂಗಳ ನಂತರ ಅದರ ಜೊತೆ ಗಟ್ಟಿ ಊಟ ಇರಲೇಬೇಕು.

ರಾಗಿಯ ಲೆಕ್ಕ

"ನಾವು ರಾಗಿ ತಿನ್ನೋರು, ನಮಗೆಲ್ಲಿ ಕಬ್ಬಿಣದ ಕೊರತೆ" ಅನ್ನುವವರು ಸ್ವಲ್ಪ ಈ ಲೆಕ್ಕ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ ಸುಮಾರು 4.6 ಮಿಲಿಗ್ರಾಂ ಕಬ್ಬಿಣ. ಮಗುವಿಗೆ ಬೇಕಾದ 8 ಮಿಲಿಗ್ರಾಂ ರಾಗಿಯಿಂದಲೇ ಬರಬೇಕಾದರೆ ದಿನಕ್ಕೆ ಸುಮಾರು 175 ಗ್ರಾಂ ಹಿಟ್ಟು ತಿನ್ನಬೇಕು. ವರ್ಷದ ಮಗು ಎಲ್ಲಿ ತಿನ್ನುತ್ತೆ? 40 ಗ್ರಾಂ ತಿಂದರೆ ಹೆಚ್ಚು. ಅದರಲ್ಲಿ ಸಿಗೋದು 1.8 ಮಿಲಿಗ್ರಾಂ. ಜೊತೆಗೆ 20 ಗ್ರಾಂ ಹೆಸರುಕಾಳು ಸೇರಿಸಿದರೆ ಇನ್ನೊಂದು ಮಿಲಿಗ್ರಾಂ. ಅಲ್ಲಿಗೆ ಮೂರನೇ ಒಂದು ಪಾಲು.

ಇದ್ದದ್ದೂ ಪೂರ್ತಿ ಸಿಗುವುದಿಲ್ಲ, ಶೇಂಗಾ ಕಥೆ ಇಲ್ಲಿ ಮತ್ತೆ ಬರುತ್ತದೆ. ಕಾಳು ಕಡ್ಡಿಗಳ ಸಿಪ್ಪೆಯಲ್ಲಿ ಫೈಟೇಟ್ ಅನ್ನುವ ಅಂಶ ಇದೆ. ಬೀಜ ಮುಂದೆ ಮೊಳೆಯಲು ಬೇಕಾದ ರಂಜಕವನ್ನು ಗಿಡ ಹೀಗೆ ಕೂಡಿಟ್ಟುಕೊಳ್ಳುತ್ತದೆ. ಈ ಫೈಟೇಟ್ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಮಗುವಿನ ಕರುಳು ಎಳೆದುಕೊಳ್ಳಲು ಬಿಡುವುದಿಲ್ಲ. ಕೆಂಪು ರಾಗಿಯಲ್ಲಿ ಟ್ಯಾನಿನ್ ಕೂಡ ಇದೆ, ಅದೂ ಇದೇ ಕೆಲಸ ಮಾಡುತ್ತದೆ. ಟೀ, ಕಾಫಿಯಲ್ಲಿ ಇರುವ ಒಗರೂ ಇಂಥದ್ದೇ. ಎರಡು ವರ್ಷದ ಮಗುವಿಗೆ ಟೀಯಲ್ಲಿ ಬಿಸ್ಕೆಟ್ ಅದ್ದಿ ಕೊಡುವ ಅಭ್ಯಾಸ ನಮ್ಮ ಎಷ್ಟು ಮನೆಗಳಲ್ಲಿ ಇದೆ ಅಂತ ನಿಮಗೇ ಗೊತ್ತು. ಇವತ್ತೇ ನಿಲ್ಲಿಸಿ.

ಈ ಬೀಗ ತೆಗೆಯುವ ವಿದ್ಯೆ ನಮ್ಮ ಅಜ್ಜಿಯರ ಹತ್ತಿರ ಇತ್ತು. ಅದೇ ಮೊಳಕೆ ರಾಗಿ ಸರಿ. ಬೀಜ ಮೊಳೆಯುವಾಗ ಅದರೊಳಗಿನ ಕಿಣ್ವಗಳು ಎದ್ದು ಫೈಟೇಟನ್ನು ಒಡೆಯುತ್ತವೆ. ಇನ್ನೊಂದು ಲಾಭವೂ ಇದೆ. ಮೊಳಕೆ ಬರಿಸಿದ ಹಿಟ್ಟಿನ ಗಂಜಿ ಅಂಟಂಟಾಗದೆ ತೆಳುವಾಗಿ ಬರುತ್ತದೆ. ಹಾಗಾಗಿ ಅಷ್ಟೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಾಕಬಹುದು, ಚಿಕ್ಕ ಹೊಟ್ಟೆಗೆ ಹೆಚ್ಚು ಆಹಾರ ಹೋಗುತ್ತದೆ.

ಮಾಡುವ ಬಗೆ ಹಳಬರಿಗೆ ಗೊತ್ತು, ಹೊಸಬರಿಗಾಗಿ ಬರೆಯುತ್ತೇನೆ. ಒಂದು ಕೆಜಿ ರಾಗಿ ತೆಗೆದುಕೊಂಡು ಕಲ್ಲು ಮಣ್ಣು ಹೋಗುವಂತೆ ಮೂರ್ನಾಲ್ಕು ನೀರಲ್ಲಿ ತೊಳೆಯಿರಿ. ಬಿತ್ತನೆಗೆ ಔಷಧಿ ಹಚ್ಚಿದ ಬೀಜ ಮಾತ್ರ ಅಪ್ಪಿತಪ್ಪಿಯೂ ಬೇಡ. ರಾತ್ರಿ ನೆನೆ ಹಾಕಿ, ಬೆಳಿಗ್ಗೆ ನೀರು ಬಸಿದು ಒಗೆದ ಹತ್ತಿ ಬಟ್ಟೆಯಲ್ಲಿ ಕಟ್ಟಿಡಿ. ಒಣಗಿದಂತೆ ಕಂಡರೆ ಮೇಲೆ ನೀರು ಚಿಮುಕಿಸಿ. ಒಂದರಿಂದ ಎರಡು ದಿನದಲ್ಲಿ ಚಿಕ್ಕ ಬಿಳಿ ಮೊಳಕೆ ಕಾಣುತ್ತದೆ, ಅಷ್ಟು ಸಾಕು. ಉದ್ದ ಬಿಟ್ಟರೆ ಹುಳಿ ವಾಸನೆ ಬರುತ್ತೆ, ಮಳೆಗಾಲದಲ್ಲಿ ಬೂಷ್ಟೂ ಹಿಡಿಯುತ್ತೆ. ಬೂಷ್ಟು ಹಿಡಿದದ್ದನ್ನು ತೊಳೆದು ಬಳಸಬೇಡಿ, ಎಸೆಯಿರಿ. ನೆರಳಲ್ಲಿ ತೆಳ್ಳಗೆ ಹರವಿ ಗರಿಗರಿ ಒಣಗಿಸಿ, ಕೈಯಲ್ಲಿ ಉಜ್ಜಿ ಮೊಳಕೆಯ ಎಳೆ ಉದುರಿಸಿ ಕೇರಿ. ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿದು ಬೀಸಿಸಿ. ಬೀಸುವಾಗ ಮೂರು ಪಾಲು ರಾಗಿಗೆ ಒಂದೂವರೆ ಪಾಲು ಮೊಳಕೆ ಕಟ್ಟಿ ಒಣಗಿಸಿದ ಹೆಸರು ಸೇರಿಸಿದರೆ ಹಿಟ್ಟು ಪೂರ್ತಿಯಾಯಿತು. ಗಾಳಿಯಾಡದ ಡಬ್ಬಿಯಲ್ಲಿ ಮೂರು ವಾರಕ್ಕೆ ಆಗುವಷ್ಟು ಮಾತ್ರ ಮಾಡಿಟ್ಟುಕೊಳ್ಳಿ.

ಕೆಲವು ಕಡೆ ಹಿಟ್ಟನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಬಿಳಿ ಭಾಗ ಮಾತ್ರ ತೆಗೆಯುತ್ತಾರೆ. ಆರು ತಿಂಗಳ ಕೂಸಿಗೆ ಮೊದಲ ಕೆಲವು ವಾರ ಅದು ಸರಿ. ಆಮೇಲೆ ಸಾಧಾರಣ ಜರಡಿ ಸಾಕು, ಯಾಕಂದ್ರೆ ತೌಡಿನ ಜೊತೆ ಫೈಟೇಟ್ ಹೋಗುವಂತೆ ಕಬ್ಬಿಣ, ಸುಣ್ಣದಂಶವೂ ಹೋಗುತ್ತದೆ.

ಇನ್ನು ನಿಂಬೆ. ಸ್ಪ್ರೇ ಟ್ಯಾಂಕಿಗೆ ನಿಂಬೆ ಉಪ್ಪು ಯಾಕೆ ಹಾಕ್ತೀವಿ? ಕಬ್ಬಿಣ ತುಕ್ಕಾಗಿ ತಳ ಸೇರದೆ, ಎಲೆಗೆ ಸಿಗುವ ರೂಪದಲ್ಲೇ ಉಳಿಯಲಿ ಅಂತ. ಹೊಟ್ಟೆಯಲ್ಲೂ ಹೆಚ್ಚುಕಮ್ಮಿ ಅದೇ ನಡೆಯುತ್ತದೆ, ವಿಟಮಿನ್ ಸಿ ಇದ್ದರೆ ಕಾಳು ಸೊಪ್ಪಿನ ಕಬ್ಬಿಣ ಹೆಚ್ಚು ಹಿಡಿಯುತ್ತದೆ. ಒಲೆಯಿಂದ ಇಳಿಸಿ ಉಗುರುಬೆಚ್ಚಗಾದ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ, ಕುದಿಯುವಾಗ ಹಾಕಿದರೆ ವಿಟಮಿನ್ ಹಾಳಾಗುತ್ತದೆ. ಇಲ್ಲವೇ ಊಟ ಆದ ಕೂಡಲೇ ಬೀಜ ತೆಗೆದು ಕಿವುಚಿದ ಸೀಬೆಹಣ್ಣು, ಎರಡು ತೊಳೆ ಕಿತ್ತಳೆ. ಹಿತ್ತಲಲ್ಲಿ ಒಂದು ಸೀಬೆ ಗಿಡ, ಒಂದು ನಿಂಬೆ ಗಿಡ ಇದ್ದರೆ ಈ ಖರ್ಚೂ ಇಲ್ಲ.

ಮೊಬೈಲಿನಲ್ಲಿ ಬರುವ ಸಲಹೆಗಳ ಬಗ್ಗೆ

ಬೀಟ್‌ರೂಟ್ ರಸ ಕುಡಿಸಿ, ವಾರದಲ್ಲಿ ರಕ್ತ ಏರುತ್ತೆ ಅನ್ನುವ ವಿಡಿಯೋ ನಿಮಗೂ ಬಂದಿರಬೇಕು. ಬಣ್ಣ ಕೆಂಪು ಇದೆ ಅಷ್ಟೇ, 100 ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ನುಗ್ಗೆ ಸೊಪ್ಪಿನ ಪುಡಿಯದ್ದೂ ಅತಿ ಪ್ರಚಾರ. ನುಗ್ಗೆ, ದಂಟು, ಹರಿವೆ ಒಳ್ಳೆಯವೇ, ಮಗುವಿನ ತಟ್ಟೆಗೆ ಬರಲಿ, ಇತರ ಪೋಷಕಾಂಶಗಳೂ ಸಿಗುತ್ತವೆ. ಆದರೆ ಒಂದೆರಡು ಚಮಚ ಸೊಪ್ಪಿನಿಂದ ಕೊರತೆ ತುಂಬುತ್ತೆ ಅನ್ನೋದು ಸುಳ್ಳು ಭರವಸೆ. ಕಬ್ಬಿಣದ ಬಾಣಲೆಯಲ್ಲಿ ಹುಳಿ ಹಾಕಿ ಸಾರು ಮಾಡಿದರೆ ಸ್ವಲ್ಪ ಕಬ್ಬಿಣ ಊಟಕ್ಕೆ ಸೇರುವುದು ನಿಜ. ಅಟ್ಟದ ಮೇಲಿದ್ದರೆ ಇಳಿಸಿ ಬಳಸಿ, ಆದರೆ ಅದನ್ನೇ ಔಷಧಿ ಅಂದುಕೊಳ್ಳಬೇಡಿ.

ಮಾಂಸ ತಿನ್ನುವ ಮನೆಯಾದರೆ ಕೆಲಸ ಸುಲಭ. ಮಾಂಸ, ಮೀನು, ಕೋಳಿಯ ಈಲಿ ಇವುಗಳಲ್ಲಿನ ಕಬ್ಬಿಣ ಕಾಳಿನದ್ದಕ್ಕಿಂತ ಎಷ್ಟೋ ಪಟ್ಟು ಚೆನ್ನಾಗಿ ಹಿಡಿಯುತ್ತದೆ, ಜೊತೆಯಲ್ಲಿರುವ ಕಾಳಿನ ಕಬ್ಬಿಣವನ್ನೂ ಎಳೆದುಕೊಂಡು ಹೋಗುತ್ತದೆ. ನಮ್ಮ ಕಡೆ ಬಾಡೂಟದ ದಿನ ಮಗುವಿಗೆ ಬರೀ ತಿಳಿ ಸಾರು ಕೊಟ್ಟು ಸುಮ್ಮನಿರ್ತಾರೆ. ಕಬ್ಬಿಣ ಇರೋದು ಸಾರಲ್ಲಲ್ಲ, ತುಂಡಲ್ಲಿ. ಚೆನ್ನಾಗಿ ಬೇಯಿಸಿ, ಮೂಳೆ ತೆಗೆದು, ನುಣ್ಣಗೆ ಅರೆದು ಎರಡು ಚಮಚ ಮಗುವಿನ ಅನ್ನಕ್ಕೆ ಕಲಸಿ. ಮೊಟ್ಟೆ ಪ್ರೋಟೀನಿಗೆ ಉತ್ತಮ, ಕಬ್ಬಿಣಕ್ಕೆ ಅಷ್ಟೇನಲ್ಲ, ಆದರೂ ದಿನಕ್ಕೊಂದು ಕೊಡುವುದರಲ್ಲಿ ನಷ್ಟವಿಲ್ಲ.

ಸಿರಪ್ಪು ಬೇಡ ಅನ್ನಬೇಡಿ

ಊಟದಿಂದ ಮೂರನೇ ಒಂದು ಪಾಲು ಬಂತು ಅಂದೆನಲ್ಲ, ಉಳಿದದ್ದು ಎಲ್ಲಿಂದ? ಇದಕ್ಕಾಗಿಯೇ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮ 2018ರಿಂದ ನಡೆಯುತ್ತಿದೆ. ಅದರಲ್ಲಿ 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ದಿನ, ದಿನಕ್ಕೆ 1 ಮಿಲಿ ಕಬ್ಬಿಣಾಂಶದ ಸಿರಪ್. ಒಂದು ಮಿಲಿಯಲ್ಲಿ 20 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ವಾರಕ್ಕೆ 40 ಮಿಲಿಗ್ರಾಂ ಅಂದರೆ ದಿನಕ್ಕೆ ಆರರ ಹತ್ತಿರ ಬಂತು. ನಾವು ರಾಗಿ ಹೆಸರಿನಲ್ಲಿ ತುಂಬಲಾಗದ ಖಾಲಿ ಜಾಗಕ್ಕೆ ಇದು ಸರಿಸುಮಾರು ಹೊಂದುತ್ತದೆ. ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯ ಹತ್ತಿರ ಉಚಿತವಾಗಿ ಸಿಗುತ್ತದೆ. ಮೊಬೈಲಲ್ಲಿ ಮಂಗಳವಾರ, ಶುಕ್ರವಾರ ಅಲಾರಂ ಇಟ್ಟುಬಿಡಿ, ಮರೆಯೋದಿಲ್ಲ.

ಬಾಟಲಿ ಮನೆಗೆ ಬಂದರೂ ಅರ್ಧಕ್ಕೆ ನಿಲ್ಲಲು ಮುಖ್ಯ ಕಾರಣ ಒಂದೇ. ಮಗುವಿನ ಮಲ ಕಪ್ಪಾಗುತ್ತದೆ, ಮನೆಯವರು ಹೆದರುತ್ತಾರೆ. ಹಿಡಿಯದೆ ಉಳಿದ ಕಬ್ಬಿಣ ಹೊರಗೆ ಹೋಗುತ್ತಿದೆ ಅಷ್ಟೇ, ಅದರಿಂದ ಏನೂ ಆಗುವುದಿಲ್ಲ. ಹಲ್ಲಿಗೆ ಕಪ್ಪು ಕಲೆ ಬಂದರೆ ನಾಲಿಗೆಯ ಹಿಂಭಾಗಕ್ಕೆ ಹಾಕಿ, ಮೇಲೆ ನೀರು ಕುಡಿಸಿ. ಊಟವಾಗಿ ಅರ್ಧ ಗಂಟೆ ಬಿಟ್ಟು ಕೊಟ್ಟರೆ ವಾಂತಿ ಕಡಿಮೆ. ಹಾಲಿನ ಜೊತೆ ಕೊಡಬೇಡಿ. ಜ್ವರ, ಭೇದಿ ಇರುವಾಗ ನಿಲ್ಲಿಸಿ, ವಾಸಿಯಾದ ಮೇಲೆ ಮುಂದುವರಿಸಿ. ತುಂಬಾ ಸೊರಗಿದ, ತೀವ್ರ ಅಪೌಷ್ಟಿಕತೆಯ ಮಗುವಿಗೆ ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಇದು ಕೊರತೆ ಬಾರದಿರಲಿ ಅಂತ ಕೊಡುವ ಪ್ರಮಾಣ. ರಕ್ತಹೀನತೆ ಈಗಾಗಲೇ ಇದ್ದರೆ ದಿನವೂ ಬೇಕು, ಮಗುವಿನ ತೂಕ ನೋಡಿ ವೈದ್ಯರು ಹೇಳುತ್ತಾರೆ, ಸಾಮಾನ್ಯವಾಗಿ ಎರಡು ತಿಂಗಳು, ಆಮೇಲೆ ಮತ್ತೆ ಪರೀಕ್ಷೆ. ಅಂಗಡಿ ಸಿರಪ್ಪುಗಳಲ್ಲಿ ಒಂದೊಂದರಲ್ಲಿ ಒಂದೊಂದು ಪ್ರಮಾಣದ ಕಬ್ಬಿಣ ಇರುತ್ತದೆ, ಹಾಗಾಗಿ ಸರ್ಕಾರಿ ಬಾಟಲಿಯ ಅಳತೆಯನ್ನು ಅದಕ್ಕೆ ಹಾಕಬೇಡಿ. ಮೇಲೆ ಹೇಳಿದ ಮಗುವಿಗೆ ಹಾಲು ಅರ್ಧಕ್ಕೆ ಇಳಿಸಿ, ಎರಡು ತಿಂಗಳು ಸಿರಪ್ ಕೊಟ್ಟ ಮೇಲೆ 10.6 ಬಂತು. ಇನ್ನೂ ನಡೆಯುತ್ತಿದೆ. ಅಜ್ಜಿ ಈಗ ರಾಗಿ ಸರಿಗೆ ನಿಂಬೆ ಹಿಂಡೋದನ್ನ ಊರಿಗೆಲ್ಲ ಹೇಳ್ತಾರೆ.

ಒಂದು ಎಚ್ಚರಿಕೆ, ಇದನ್ನು ದೊಡ್ಡ ಅಕ್ಷರದಲ್ಲಿ ಓದಿಕೊಳ್ಳಿ. ಸಿರಪ್ಪಿನಲ್ಲೂ ಕಬ್ಬಿಣ, ಗೊಬ್ಬರದ ಅಂಗಡಿಯ ಅನ್ನಭೇದಿಯಲ್ಲೂ ಕಬ್ಬಿಣ ಅಂತ ಅದನ್ನು ಇದಕ್ಕೆ ಬಳಸುವ ಯೋಚನೆ ಯಾರಿಗೂ ಬರಬಾರದು. ಗೊಬ್ಬರದ ದರ್ಜೆಯದ್ದು ಮನುಷ್ಯರಿಗಲ್ಲ, ಕಲಬೆರಕೆ ಲೋಹಗಳು ಇರುತ್ತವೆ. ಸಿರಪ್ ಬಾಟಲಿ, ಗರ್ಭಿಣಿಯರ ಕೆಂಪು ಮಾತ್ರೆ, ಅನ್ನಭೇದಿ ಚೀಲ ಮೂರೂ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿರಲಿ. ಚಿಕ್ಕ ಮಗು ಒಂದಷ್ಟು ಕಬ್ಬಿಣದ ಮಾತ್ರೆ ನುಂಗಿದರೆ ಪ್ರಾಣಕ್ಕೇ ಅಪಾಯ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬರಿಗಾಲು, ಹುಳ, ಮತ್ತು ತಾಯಿ

ಕೊಕ್ಕೆಹುಳದ ಮರಿ ತೇವದ ಮಣ್ಣಿನಲ್ಲಿ ಇದ್ದು, ಬರಿಗಾಲಿನ ಚರ್ಮ ತೂರಿ ಒಳಗೆ ಹೋಗುತ್ತದೆ, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಬಯಲಿಗೆ ಹೋಗುವ ಅಭ್ಯಾಸ ಇರುವ ಕಡೆ, ತೋಟದ ನೆರಳಿನ ಹಸಿ ಮಣ್ಣಿನಲ್ಲಿ ಇದು ಹೆಚ್ಚು. ನಡೆಯಲು ಕಲಿತ ಮಗುವಿಗೆ ಹೊಲದಲ್ಲಿ ಚಪ್ಪಲಿ ಹಾಕಿಸಿ, ಶೌಚಾಲಯ ಬಳಸಿ. ಫೆಬ್ರವರಿ 10 ಮತ್ತು ಆಗಸ್ಟ್ 10 ಜಂತುಹುಳು ನಿವಾರಣಾ ದಿನ. ಅಂಗನವಾಡಿಯಲ್ಲಿ ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ, ದೊಡ್ಡವರಿಗೆ ಪೂರ್ತಿ. ಚಿಕ್ಕವರಿಗೆ ಪುಡಿ ಮಾಡಿ ನೀರಲ್ಲಿ ಕಲಸಿ ಕೊಡಿಸಿ, ಹಾಗೇ ನುಂಗಿಸಬೇಡಿ.

ತಾಯಿಯ ವಿಷಯ ನಾನು ಮೊದಲೇ ಬರೆಯಬೇಕಿತ್ತೇನೋ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಬಸುರಿಯಲ್ಲಿ ಕಬ್ಬಿಣ ಇಲ್ಲದಿದ್ದರೆ ಮಗುವಿನ ಬುತ್ತಿ ಅರ್ಧವೇ ತುಂಬಿರುತ್ತದೆ. ಕೆಂಪು ಮಾತ್ರೆ ದಿನಕ್ಕೊಂದರಂತೆ ಗರ್ಭಿಣಿಯಾಗಿದ್ದಾಗ 180 ದಿನ, ಹೆರಿಗೆಯಾದ ಮೇಲೆ ಇನ್ನೂ 180 ದಿನ. ಇದನ್ನು ಓದುತ್ತಿರುವವರಲ್ಲಿ ಹೆಚ್ಚಿನವರು ಗಂಡು ಹುಡುಗರು, ಆದ್ದರಿಂದ ನೇರವಾಗಿ ಹೇಳ್ತೀನಿ. ಹೆಂಡತಿ ಎಲ್ಲರಿಗೂ ಬಡಿಸಿ, ಕೊನೆಗೆ ಮಿಕ್ಕಿದ್ದನ್ನು ಉಣ್ಣುವ ಮನೆಯಲ್ಲಿ ಮಾಂಸದ ತುಂಡು, ಕಾಳಿನ ಪಲ್ಯ ಅವಳ ತಟ್ಟೆಗೆ ಬರುವುದಿಲ್ಲ. ನಾಟಿ, ಕಳೆ, ಹಾಲು ಕರೆಯೋದು ಎಲ್ಲಾ ಅವಳದ್ದೇ. ಜೊತೆಗೆ ಕೂತು ಉಣ್ಣಿ. ಹೆರಿಗೆಗೆ ಹೋದಾಗ ಹೊಕ್ಕುಳಬಳ್ಳಿಯನ್ನು ಕನಿಷ್ಠ ಒಂದು ನಿಮಿಷ ಬಿಟ್ಟು ಕತ್ತರಿಸುವಂತೆ ಕೇಳಿಕೊಳ್ಳಿ. ಆ ಒಂದು ನಿಮಿಷದಲ್ಲಿ ಮಗುವಿಗೆ ಹರಿಯುವ ರಕ್ತದಲ್ಲೂ ತಿಂಗಳುಗಟ್ಟಲೆ ಬರುವ ಕಬ್ಬಿಣ ಇದೆ.

ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಲ್ಲ ಅನ್ನೋದೂ ನೆನಪಿರಲಿ. ಬಿ 12, ಫೋಲಿಕ್ ಆಮ್ಲದ ಕೊರತೆ ಇರಬಹುದು. ಕಾಡಂಚಿನ ಆದಿವಾಸಿ ಹಾಡಿಗಳಲ್ಲಿ ಕುಡಗೋಲು ಕಣದ ರೋಗ ಇದೆ, ಥಲಸ್ಸೀಮಿಯಾ ಇದೆ. ಅಂಥವರಿಗೆ ಕಬ್ಬಿಣ ಕೊಡುವುದು ವೈದ್ಯರ ತೀರ್ಮಾನವೇ ಆಗಬೇಕು. ಎರಡು ತಿಂಗಳು ಸರಿಯಾಗಿ ಸಿರಪ್ ಕೊಟ್ಟರೂ ಹಿಮೋಗ್ಲೋಬಿನ್ ಏರದಿದ್ದರೆ ಸುಮ್ಮನೆ ಬಾಟಲಿ ಮೇಲೆ ಬಾಟಲಿ ತರದೆ ದೊಡ್ಡಾಸ್ಪತ್ರೆಗೆ ತೋರಿಸಿ.

ಹೊಲದಲ್ಲಿ ಏನು ಮಾಡಬಹುದು

ರಾಗಿ, ಹೆಸರು ಎಲ್ಲ ಮಾರಿ ಪಡಿತರದ ಅಕ್ಕಿ ಉಣ್ಣುವುದು ಈಗ ಸಾಮಾನ್ಯ. ಆ ಅಕ್ಕಿಗೂ ಕಬ್ಬಿಣ, ಫೋಲಿಕ್ ಆಮ್ಲ, ಬಿ 12 ಸೇರಿಸಿದ ಕಾಳನ್ನು ನೂರಕ್ಕೆ ಒಂದರಂತೆ ಬೆರೆಸಿರುವುದುಂಟು. ಸ್ವಲ್ಪ ಬೇರೆ ಬಣ್ಣ ಕಾಣುತ್ತೆ ಅಂತ "ಪ್ಲಾಸ್ಟಿಕ್ ಅಕ್ಕಿ" ಎಂದು ಆರಿಸಿ ಎಸೆಯುತ್ತಾರೆ. ಅದು ಅಕ್ಕಿ ಹಿಟ್ಟಿನಿಂದಲೇ ಮಾಡಿದ ಕಾಳು, ಎಸೆಯಬೇಡಿ, ತುಂಬಾ ನೀರು ಬಸಿಯಬೇಡಿ.

ಮಾರುವ ಮುಂಚೆ ಮಗುವಿನ ಪಾಲು ಎತ್ತಿಡಿ. ದಿನಕ್ಕೆ 40 ಗ್ರಾಂ ಲೆಕ್ಕದಲ್ಲಿ ವರ್ಷಕ್ಕೆ 15 ಕೆಜಿ ರಾಗಿ, 20 ಗ್ರಾಂ ಲೆಕ್ಕದಲ್ಲಿ 7-8 ಕೆಜಿ ಹೆಸರು. ಒಂದು ಚೀಲವೂ ಆಗಲಿಲ್ಲ ನೋಡಿ.

ತಳಿಯ ಆಯ್ಕೆಯಲ್ಲೂ ವ್ಯತ್ಯಾಸ ಇದೆ. ಸಿಎಫ್‌ಎಂವಿ 1 ಎನ್ನುವ ರಾಗಿ ತಳಿಯಲ್ಲಿ ಕಬ್ಬಿಣ 58 ಪಿಪಿಎಂ. ಪಿಪಿಎಂ ಅಂಕಿಯನ್ನು ಹತ್ತರಿಂದ ಭಾಗಿಸಿದರೆ 100 ಗ್ರಾಂಗೆ ಎಷ್ಟು ಮಿಲಿಗ್ರಾಂ ಅಂತ ಬರುತ್ತದೆ, ಅಂದರೆ 5.8. ಸಜ್ಜೆ ಬೆಳೆಯುವ ಉತ್ತರ ಕರ್ನಾಟಕದವರಿಗೆ ಇನ್ನೂ ಒಳ್ಳೆಯ ಅವಕಾಶ. ಧನಶಕ್ತಿ ಸಜ್ಜೆಯಲ್ಲಿ 81 ಪಿಪಿಎಂ. ಕಬ್ಬಿಣ ಹೆಚ್ಚಿರುವ ಸಜ್ಜೆಯನ್ನು ಬೆಳಗಾವಿಯಲ್ಲಿ ಎರಡು ವರ್ಷದ ಆಸುಪಾಸಿನ ಮಕ್ಕಳಿಗೆ ಕೊಟ್ಟು ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಗಿದೆ. ಮಾಮೂಲಿ ಸಜ್ಜೆ ತಿಂದ ಮಕ್ಕಳಿಗಿಂತ ಇವರ ಮೈಗೆ ಹಿಡಿದ ಕಬ್ಬಿಣ ಎರಡು ಪಟ್ಟಿಗಿಂತ ಹೆಚ್ಚು. ಧನಶಕ್ತಿ ಹೈಬ್ರಿಡ್ ಅಲ್ಲ, ಹಾಗಾಗಿ ಅಕ್ಕಪಕ್ಕದ ಹೊಲದಿಂದ ದೂರ ಇರುವ ಒಳ್ಳೆಯ ತೆನೆಗಳಿಂದ ಬೀಜ ಇಟ್ಟುಕೊಳ್ಳಬಹುದು. ಮುಂಗಾರಿಗೆ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈ ಎರಡು ಹೆಸರು ಹೇಳಿ ಬೀಜ ಕೇಳಿ. ಎಕರೆಗಟ್ಟಲೆ ಬೇಡ. ಬದುವಿನ ಪಕ್ಕ ಐದು ಗುಂಟೆ ಹಾಕಿದರೂ ಮಗುವಿನ ವರ್ಷದ ಹಿಟ್ಟು ಬರುತ್ತದೆ. ಅದರ ಸಾಲಿನ ನಡುವೆ ಹೆಸರು ಅಥವಾ ಅಲಸಂದೆ ಬಿಟ್ಟರೆ ಕಾಳೂ ಆಯಿತು.